ಕೆರೆಯ ಈಜು ಮತ್ತು ನೀರಿನ ನಿಯಮಗಳು

ಬೇಸಗೆಯ ರಜೆ ಬಂತೆಂದರೆ ಹಳ್ಳಿಯ ಕೆರೆಗಳತ್ತ ತರುಣರ ಮನಸ್ಸು ಹರಿಯುವುದು ಸಹಜ. ಈಜು ಉತ್ತಮ ವ್ಯಾಯಾಮವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೆರೆಯು ಈಜುಕೊಳವಲ್ಲ. ಹೊಲಗದ್ದೆಗಳಿಗೆ ನೀರೊದಗಿಸಲು ಏರಿ ಕಟ್ಟಿ ನಿರ್ಮಿಸಿದ ಜಲಾಶಯ. ಅದರ ರಚನೆಯನ್ನೂ ನೀರಿನ ಗುಣಗಳನ್ನೂ ಅರಿಯದೆ ಇಳಿದರೆ ನುರಿತ ಈಜುಗಾರನೂ ಅಪಾಯಕ್ಕೆ ಗುರಿಯಾಗಬಹುದು.

ಮೊದಲನೆಯದು ಆಳದ ವಿಚಾರ. ನೀರಿನಿಂದ ಗಾಳಿಗೆ ಬರುವ ಬೆಳಕಿನ ಕಿರಣಗಳು ಬಾಗುತ್ತವೆ. ಇದೇ ವಕ್ರೀಭವನ. ನೀರಿನ ವಕ್ರೀಭವನಾಂಕ ಸುಮಾರು 4/3 ಆಗಿರುವುದರಿಂದ, ನೇರವಾಗಿ ಮೇಲಿನಿಂದ ನೋಡುವವನಿಗೆ 4 ಅಡಿ ಆಳದ ತಳವು 3 ಅಡಿಯಲ್ಲಿರುವಂತೆ ತೋರುತ್ತದೆ; ದಡದಿಂದ ಓರೆಯಾಗಿ ನೋಡಿದರೆ ಇನ್ನೂ ಮೇಲೆ ಕಾಣುತ್ತದೆ. ತಿಳಿನೀರಿನಲ್ಲಿಯೇ ಹೀಗಾದರೆ, ಮಣ್ಣು ಬೆರೆತ ನೀರಿನಲ್ಲಿ ತಳವೇ ಕಾಣದು. ಹೂಳು ತೆಗೆದ ಗುಂಡಿಗಳು ಮಳೆಗಾಲದಲ್ಲಿ ನೀರಿನಡಿ ಮರೆಯಾಗುತ್ತವೆ. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದವನು ಮುಂದಿನ ಹೆಜ್ಜೆಯಲ್ಲಿಯೇ ಆಳುದ್ದದ ನೀರಿಗೆ ಬೀಳುವುದುಂಟು. ಆದಕಾರಣ ಊರಿನ ಬಲ್ಲವರನ್ನು ಕೇಳಿ, ಕೋಲಿನಿಂದ ತಳವನ್ನು ಪರೀಕ್ಷಿಸುತ್ತ ಇಳಿಯಬೇಕು, ತಲೆಕೆಳಗಾಗಿ ಧುಮುಕಕೂಡದು.

ಎರಡನೆಯದು ತೂಬು. 3 ಮೀಟರ್ ಆಳದಲ್ಲಿ ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೂ ನೀರು 300 ಗ್ರಾಂ ತೂಕದಷ್ಟು ಒತ್ತುತ್ತದೆ. ಇದು ಅಲ್ಪವೆಂದು ತೋರಬಹುದು. ಆದರೆ 20 ಸೆಂಟಿಮೀಟರ್ ವ್ಯಾಸದ ಕಂಡಿಯ ವಿಸ್ತೀರ್ಣ ಸುಮಾರು 314 ಚದರ ಸೆಂಟಿಮೀಟರ್. ಆಚೆ ಬರಿಯ ಗಾಳಿಯಿರುವ ಅಂಥ ಕಂಡಿಗೆ ಮೈ ಅಡ್ಡವಾದರೆ, ಸುಮಾರು 94 ಕಿಲೋಗ್ರಾಂ ತೂಕದ ಬಲವು ಅದನ್ನು ಅಲ್ಲಿಯೇ ಒತ್ತಿ ಹಿಡಿಯುತ್ತದೆ. ಇದನ್ನು ತೋಳ್ಬಲದಿಂದ ಗೆಲ್ಲುವುದು ಬಹು ಕಷ್ಟ. ತೂಬಿನ ಬಳಿಯಲ್ಲಾಗಲಿ ತುಂಬಿ ಹರಿಯುವ ಕೋಡಿಯ ಬಳಿಯಲ್ಲಾಗಲಿ ಈಜಲೇಬಾರದು. ಜೊಂಡು, ತಾವರೆಬಳ್ಳಿಗಳು ಬೆಳೆದೆಡೆಯೂ ವರ್ಜ್ಯ. ಕಾಲಿಗೆ ತೊಡಕಿದರೆ ಒದೆದಾಡದೆ ನಿಧಾನವಾಗಿ ಬಿಡಿಸಿಕೊಳ್ಳಬೇಕು.

ದಣಿದಾಗ ಏನು ಮಾಡಬೇಕು? ಶ್ವಾಸಕೋಶಗಳಲ್ಲಿ ಗಾಳಿ ತುಂಬಿದಾಗ ಸಾಮಾನ್ಯವಾಗಿ ದೇಹವು ನೀರಿಗಿಂತ ಸ್ವಲ್ಪವೇ ಹಗುರ. ಎರಡು ತೋಳುಗಳ ತೂಕ ದೇಹದ ತೂಕದ ಸುಮಾರು ಹತ್ತನೆಯ ಒಂದು ಪಾಲು. ಗಾಬರಿಯಿಂದ ಅವನ್ನು ಮೇಲೆತ್ತಿದರೆ ಅವುಗಳ ಭಾರವನ್ನು ನೀರು ಹೊರುವುದಿಲ್ಲ; ತಲೆ ಮುಳುಗುತ್ತದೆ. ಅಂಗಾತ ಮಲಗಿ, ಕೈಗಳನ್ನು ನೀರಿನೊಳಗೇ ಚಾಚಿ, ಉಸಿರು ತುಂಬಿಕೊಂಡರೆ ಮೂಗುಬಾಯಿಗಳು ಮೇಲೆಯೇ ಉಳಿಯುತ್ತವೆ.

ಮುಳುಗುವವನು ಕೂಗಿಕೊಳ್ಳುವನೆಂಬ ಭಾವನೆ ಸರಿಯಲ್ಲ. ಉಸಿರಿಗೇ ಅವಕಾಶವಿಲ್ಲದವನಿಗೆ ಕೂಗಲು ಉಸಿರೆಲ್ಲಿ? ಆದ್ದರಿಂದ ಒಬ್ಬನೇ ಈಜಬಾರದು, ದಡದಲ್ಲೊಬ್ಬನು ಕಣ್ಣಿಟ್ಟಿರಬೇಕು. ಗೆಳೆಯನು ಮುಳುಗುತ್ತಿದ್ದರೆ ತಾನೂ ನೀರಿಗೆ ಹಾರುವುದು ಅನೇಕ ವೇಳೆ ಎರಡು ಜೀವಗಳಿಗೆ ಮುಳುವಾಗುತ್ತದೆ. ಹಗ್ಗ, ಬಿದಿರುಗಳು, ಪಂಚೆ, ಗಾಳಿ ತುಂಬಿದ ಟ್ಯೂಬು, ಬಿರಡೆ ಬಿಗಿದ ಖಾಲಿ ಕೊಡ, ಯಾವುದನ್ನಾದರೂ ದಡದಿಂದಲೇ ನೀಡಬೇಕು. ಮೇಲೆತ್ತಿದವನ ಹೊಟ್ಟೆಯನ್ನು ಅಮುಕುವುದೂ ಅವನನ್ನು ಹೊತ್ತು ತಿರುಗಿಸುವುದೂ ಕಾಲಹರಣ. ಉಸಿರು ನಿಂತಿದ್ದರೆ ಒಡನೆಯೇ ಬಾಯಿಗೆ ಬಾಯಿಯಿಟ್ಟು ಉಸಿರೂದಿ, ಎದೆಯನ್ನು ಒತ್ತಲಾರಂಭಿಸಬೇಕು. ಇನ್ನೊಬ್ಬರು 108ಕ್ಕೆ ಕರೆಮಾಡಬೇಕು. ಆಮ್ಲಜನಕವಿಲ್ಲದೆ ಮಿದುಳು ಕೆಲವೇ ನಿಮಿಷಗಳಲ್ಲಿ ಹಾನಿಗೊಳ್ಳುತ್ತದೆ. ಈ ವಿಧಾನವನ್ನು ಪ್ರಥಮ ಚಿಕಿತ್ಸೆಯ ತರಗತಿಯಲ್ಲಿ ಕಲಿತ ಒಬ್ಬನಾದರೂ ಈಜಲು ಹೊರಡುವ ಪ್ರತಿಯೊಂದು ಗುಂಪಿನಲ್ಲಿಯೂ ಇರಬೇಕು.