ಬಿಳಿ ಸ್ಟ್ರಾಬೆರಿ ಕಾಯಲ್ಲ, ಹಣ್ಣೇ!

ಸ್ಟ್ರಾಬೆರಿ ಎಂದೊಡನೆ ಕಣ್ಣಿಗೆ ಕಟ್ಟುವುದು ಕೆಂಪು ಬಣ್ಣ. ಚಳಿಗಾಲದಲ್ಲಿ ಮಹಾರಾಷ್ಟ್ರದ ಮಹಾಬಲೇಶ್ವರದಿಂದ ನಮ್ಮ ಪೇಟೆಗಳಿಗೆ ಬರುವ ಹಣ್ಣುಗಳೂ ಕೆಂಪೇ. ಯಾರಾದರೂ ನಿಮ್ಮ ಕೈಗೆ ಬಿಳಿಯ ಸ್ಟ್ರಾಬೆರಿ ಕೊಟ್ಟರೆ ‘ಇದಿನ್ನೂ ಕಾಯಿ’ ಎಂದು ಪಕ್ಕಕ್ಕಿಡುತ್ತೀರಿ, ಅಲ್ಲವೇ? ಆದರೆ ಪೂರ್ತಿ ಮಾಗಿ, ಮೆತ್ತಗಾಗಿ, ಘಮಘಮಿಸುವಾಗಲೂ ಬಿಳಿಯಾಗಿಯೇ ಉಳಿಯುವ ಸ್ಟ್ರಾಬೆರಿಗಳಿವೆ. ತಿಳಿಹಳದಿಯವೂ ಇವೆ. ಮಾಗುವುದು ಬೇರೆ, ಕೆಂಪಾಗುವುದು ಬೇರೆ. ಹಾಗಾದರೆ ಕೆಂಪು ಎಲ್ಲಿಂದ ಬರುತ್ತದೆ?

ಆ ಕೆಂಪಿಗೆ ಕಾರಣ ಆಂಥೋಸಯನಿನ್ ಎಂಬ ವರ್ಣದ್ರವ್ಯ. ನೇರಳೆ ಹಣ್ಣು ತಿಂದರೆ ನಾಲಿಗೆಗೆ ಬಣ್ಣ ಹತ್ತುತ್ತದಲ್ಲ, ಅದೂ ಇದೇ ಗುಂಪಿನ ವಸ್ತುಗಳಿಂದಲೇ. ಸ್ಟ್ರಾಬೆರಿಯ ಜೀವಕೋಶಗಳು ಬಣ್ಣವಿಲ್ಲದ ವಸ್ತುವಿನಿಂದ ಆರಂಭಿಸಿ ಹಂತಹಂತವಾಗಿ ಇದನ್ನು ತಯಾರಿಸುತ್ತವೆ. ಒಂದೊಂದು ಹಂತಕ್ಕೂ ಒಂದೊಂದು ಕಿಣ್ವ ಬೇಕು. ಈ ಕಿಣ್ವಗಳನ್ನು ಕಟ್ಟುವ ಸೂಚನೆ ಇರುವುದು ವಂಶವಾಹಿಗಳಲ್ಲಿ, ಅಂದರೆ ಜೀನ್‌ಗಳಲ್ಲಿ.

ಮನೆ ಕಟ್ಟುವ ಜಾಗವನ್ನು ನೆನೆಸಿಕೊಳ್ಳಿ. ಇಟ್ಟಿಗೆ ಇದೆ, ಸಿಮೆಂಟ್ ಇದೆ, ಆಳುಗಳೂ ಇದ್ದಾರೆ. ಆದರೆ ‘ಶುರು ಮಾಡಿ’ ಎಂದು ಹೇಳಲು ಮೇಸ್ತ್ರಿ ಬರದಿದ್ದರೆ? ಕೆಲಸ ನಿಂತೇ ಇರುತ್ತದೆ. ಸ್ಟ್ರಾಬೆರಿಯ ಬಣ್ಣದ ಕೆಲಸಕ್ಕೂ ಒಬ್ಬ ಮೇಸ್ತ್ರಿ ಇದ್ದಾನೆ. ಅವನ ಹೆಸರು ಎಂವೈಬಿ-10. ಇದೊಂದು ವಂಶವಾಹಿ. ಇದರಿಂದ ತಯಾರಾಗುವ ಪ್ರೋಟೀನು ಬಣ್ಣದ ಕಿಣ್ವಗಳ ವಂಶವಾಹಿಗಳನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುತ್ತದೆ.

ಯುರೋಪಿನ ಕಾಡುಗಳಲ್ಲಿ ಬೆರಳ ತುದಿಯಷ್ಟೇ ದೊಡ್ಡದಾದ ಹಣ್ಣು ಬಿಡುವ ಕಾಡು ಸ್ಟ್ರಾಬೆರಿ ಇದೆ. ಅದರಲ್ಲಿ ಕೆಂಪು ಹಣ್ಣಿನವೂ ಇವೆ, ಬಿಳಿ ಹಣ್ಣಿನವೂ ಇವೆ. 2016ರಲ್ಲಿ ವಿಜ್ಞಾನಿಗಳು ಇವೆರಡರ ವಂಶವಾಹಿಗಳನ್ನು ಹೋಲಿಸಿ ನೋಡಿದರು. ‘ಯೆಲ್ಲೋ ವಂಡರ್’ ಮುಂತಾದ ತಿಳಿ ಬಣ್ಣದ ತಳಿಗಳಲ್ಲಿ ಎಂವೈಬಿ-10ರ ಒಂದೇ ಒಂದು ಅಕ್ಷರ ಬದಲಾಗಿತ್ತು! ಡಿಎನ್‌ಎ ಎಂಬ ಬರಹದಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳು. ಇಲ್ಲಿ ಜಿ ಇರಬೇಕಾದ ಕಡೆ ಸಿ ಇತ್ತು. ‘ಹಾಲು’ ಎಂದು ಬರೆಯುವ ಕಡೆ ‘ಹಾವು’ ಎಂದು ಬರೆದರೆ ಅರ್ಥ ಹೇಗೆ ಕೆಡುತ್ತದೋ ಹಾಗೆ, ಪ್ರೋಟೀನಿನ ಕೆಲಸವೂ ಕೆಟ್ಟಿತು. ಆಳುಗಳೆಲ್ಲ ಇದ್ದರೂ ಮೇಸ್ತ್ರಿಯ ಮಾತು ಅವರಿಗೆ ಮುಟ್ಟಲಿಲ್ಲ. ಸಿಹಿಗೂ ಮೃದುತ್ವಕ್ಕೂ ಬೇರೆ ಮೇಸ್ತ್ರಿಗಳಿರುವುದರಿಂದ ಹಣ್ಣು ಮಾತ್ರ ಎಂದಿನಂತೆ ಮಾಗಿತು.

ನಾವು ಪೇಟೆಯಲ್ಲಿ ಕೊಳ್ಳುವ ದೊಡ್ಡ ಸ್ಟ್ರಾಬೆರಿಯ ಕತೆ ಇನ್ನೂ ಸ್ವಾರಸ್ಯದ್ದು. ದಕ್ಷಿಣ ಅಮೆರಿಕದ ಚಿಲಿ ದೇಶದ ಮೂಲನಿವಾಸಿಗಳಾದ ಮಪುಚೆ ಜನರು ಸ್ಪೇನಿನವರು ಬರುವ ಮೊದಲೇ ದೊಡ್ಡ ಗಾತ್ರದ ಬಿಳಿ ಸ್ಟ್ರಾಬೆರಿ ಬೆಳೆಯುತ್ತಿದ್ದರು. ಫ್ರೆಜಿಯೆ ಎಂಬ ಫ್ರೆಂಚ್ ಎಂಜಿನಿಯರ್ 1714ರಲ್ಲಿ ಚಿಲಿಯ ಕೆಲವು ಸಸಿಗಳನ್ನು ಹಡಗಿನಲ್ಲಿ ಜೋಪಾನವಾಗಿ ಫ್ರಾನ್ಸಿಗೆ ತಂದ. (ಅವನನ್ನು ಕಳಿಸಿದ್ದು ಗಿಡ ತರಲಿಕ್ಕಲ್ಲ, ಸ್ಪೇನಿನವರ ಕೋಟೆಗಳನ್ನು ಗುಟ್ಟಾಗಿ ನೋಡಿ ಬರಲಿಕ್ಕೆ!) ಆ ಸಸಿಗಳಲ್ಲಿದ್ದುದು ಹೆಣ್ಣು ಹೂಗಳು ಮಾತ್ರ. ಪರಾಗವಿಲ್ಲದೆ ಅವು ಹಣ್ಣು ಬಿಡಲಿಲ್ಲ. ಉತ್ತರ ಅಮೆರಿಕದಿಂದ ಬಂದಿದ್ದ, ಸಣ್ಣ ಕೆಂಪು ಹಣ್ಣಿನ ಇನ್ನೊಂದು ಸ್ಟ್ರಾಬೆರಿಯನ್ನು ಪಕ್ಕದಲ್ಲಿ ನೆಟ್ಟಾಗ ಹಣ್ಣು ಕಚ್ಚಿತು. ಅವುಗಳ ಬೀಜದಿಂದ ಹುಟ್ಟಿದ ಸಂಕರ ಗಿಡಗಳೇ ಇಂದಿನ ದೊಡ್ಡ ಸ್ಟ್ರಾಬೆರಿಯ ಪೂರ್ವಜರು. ಇದು ಎರಡು ಜಾತಿಗಳ ಸಂಕರ ಎಂದು 1766ರಲ್ಲಿ ಬರೆದವನು ಡುಷೇನ್ ಎಂಬ ತರುಣ. ಬಟಾಣಿ ಗಿಡಗಳ ಮೇಲಿನ ಮೆಂಡೆಲನ ಪ್ರಬಂಧ ಅಚ್ಚಾದದ್ದು ಅದಕ್ಕೆ ಸರಿಯಾಗಿ ನೂರು ವರ್ಷಗಳ ನಂತರ!

ಕಾಡು ಸ್ಟ್ರಾಬೆರಿಯಲ್ಲಿ ವರ್ಣತಂತುಗಳು 14, ಏಳರಂತೆ ಎರಡು ಕಟ್ಟು. ದೊಡ್ಡ ಸ್ಟ್ರಾಬೆರಿಯಲ್ಲಿ ಎಂಟು ಕಟ್ಟು, ಒಟ್ಟು 56. ಹಾಗಾಗಿ ಅದರಲ್ಲಿ ಮೇಸ್ತ್ರಿಯ ಪ್ರತಿಗಳೂ ಹಲವು. ಅವೆಲ್ಲ ಒಂದೇ ಸಮನೆ ದುಡಿಯುವುದಿಲ್ಲ. ಒಂದರ ಮಾತೇ ಹೆಚ್ಚು ನಡೆಯುತ್ತದೆ ಎಂದು 2020ರಲ್ಲಿ ತಿಳಿದುಬಂತು. ಬಿಳಿ ಹಣ್ಣಿನ ಗಿಡಗಳಲ್ಲಿ ಇದೇ ವಂಶವಾಹಿಯ ನಡುವೆ 8 ಹೆಚ್ಚಿನ ಅಕ್ಷರಗಳು ನುಸುಳಿ ಪ್ರೋಟೀನು ಅರ್ಧಕ್ಕೇ ನಿಂತಿರುವುದೂ ಕಂಡಿತು.

ಸ್ಟ್ರಾಬೆರಿ ಸಿಕ್ಕರೆ ತಿನ್ನುವ ಮೊದಲು ಅಡ್ಡಕ್ಕೆ ಕತ್ತರಿಸಿ ನೋಡಿ. ಕೆಲವು ಹೊರಗೆ ಕೆಂಪು, ಒಳಗೆ ಬಿಳಿ. ಕೆಲವು ಒಳಗೂ ಕೆಂಪು. ಡಿಎನ್‌ಎಯಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿಯುವ ತುಣುಕುಗಳಿವೆ. ಅಂಥ ಒಂದು ತುಣುಕು ಎಂವೈಬಿ-10ರ ಮುಂದೆ ಬಂದು ಕೂತಿರುವ ತಳಿಗಳಲ್ಲಿ ಮೇಸ್ತ್ರಿಯ ದನಿ ಜೋರಾಗಿ, ತಿರುಳೂ ಕೆಂಪಾಗುತ್ತದೆ.

ಮಾಡಿ ನೋಡಿ

ಕಾಡು ಸ್ಟ್ರಾಬೆರಿಯ ಲೆಕ್ಕವನ್ನು ಚೌಕಾಬಾರದ ಹುಣಸೆ ಬೀಜಗಳಿಂದ ಆಡಬಹುದು. ಎರಡು ಬೀಜಗಳ ಒಂದೊಂದು ಬದಿಯನ್ನು ಉಜ್ಜಿ ಬೆಳ್ಳಗೆ ಮಾಡಿ. ಒಂದು ಬೀಜ ತಾಯಿ ಗಿಡದ ಕೊಡುಗೆ, ಇನ್ನೊಂದು ತಂದೆ ಗಿಡದ್ದು. ಕಪ್ಪು ಬದಿ ಎಂದರೆ ಕೆಂಪು ಹಣ್ಣಿನ ವಂಶವಾಹಿ, ಬಿಳಿ ಬದಿ ಎಂದರೆ ಕೆಟ್ಟುಹೋದದ್ದು. ಎರಡನ್ನೂ ಒಟ್ಟಿಗೆ ಹಾಕಿ. ಒಂದಾದರೂ ಕಪ್ಪಾದರೆ ಹಣ್ಣು ಕೆಂಪು, ಏಕೆಂದರೆ ಕೆಲಸಕ್ಕೆ ಒಬ್ಬ ಮೇಸ್ತ್ರಿ ಸಾಕು. ಎರಡೂ ಬಿಳಿಯಾದರೆ ಮಾತ್ರ ಹಣ್ಣು ಬಿಳಿ. ಸದಾ ಒಂದೇ ಬದಿಗೆ ಬೀಳುವ ಬೀಜವಿದ್ದರೆ ಬದಲಾಯಿಸಿಕೊಳ್ಳಿ. 40 ಸಲ ಹಾಕಿ ಗುರುತು ಹಾಕಿಕೊಳ್ಳಿ. ಬಿಳಿ ಹಣ್ಣುಗಳು ಹತ್ತರ ಆಸುಪಾಸಿನಲ್ಲಿ ಬಂದವೇ? ನಿಮ್ಮ ಲೆಕ್ಕವನ್ನು ಪಕ್ಕದ ಗುಂಪಿನ ಲೆಕ್ಕಕ್ಕೆ ಸೇರಿಸಿ, ಮತ್ತೊಮ್ಮೆ ಎಣಿಸಿ.