ಬಚ್ಚಲಿನ ಬಿಸಿನೀರು, ತಾರಸಿಯ ಬಿಸಿಲು

ನರಕಚತುರ್ದಶಿಯ ಹಿಂದಿನ ದಿನ ನಮ್ಮ ನಾಡಿನ ಮನೆಗಳಲ್ಲಿ ನೀರು ತುಂಬುವ ಹಬ್ಬ. ಹುಣಸೆಹಣ್ಣು ಹಚ್ಚಿ ಬೆಳಗಿದ ಹಂಡೆಗೆ ಅರಿಶಿನ ಕುಂಕುಮವಿಟ್ಟು, ಹೊಸ ನೀರು ತುಂಬಿ, ಮರುದಿನ ನಸುಕಿನ ಅಭ್ಯಂಜನಕ್ಕೆ ಅಣಿಮಾಡುವುದು ವಾಡಿಕೆ. ಮಲೆನಾಡಿನಲ್ಲಿ ಅಡಿಕೆಯ ಸೋಗೆ, ಕರಾವಳಿಯಲ್ಲಿ ತೆಂಗಿನ ಗರಿ, ಮೋತಿಗೆಗಳು ಹಂಡೆಯೊಲೆಗೆ ಉರುವಲಾದರೆ, ಬೆಳಗಾವಿ ಧಾರವಾಡಗಳ ಕಡೆ ತಾಮ್ರದ ಬಂಬ ಸೌದೆಯ ಚೂರುಗಳಿಂದಲೇ ನೀರು ಕಾಯಿಸಿಕೊಡುತ್ತಿತ್ತು. ಹೊಟ್ಟೆಪಾಡಿಗಾಗಿ ಪುಣೆ, ಮುಂಬಯಿ, ಹೈದರಾಬಾದು, ದೆಹಲಿಗಳಿಗೆ ಬಂದು ನೆಲೆಸಿದ ನಾವು ಹಂಡೆಯನ್ನು ಊರಿನಲ್ಲಿಯೇ ಬಿಟ್ಟು ಬಂದೆವು. ಬಿಸಿನೀರಿನ ಸ್ನಾನವನ್ನು ಮಾತ್ರ ಬಿಡಲಿಲ್ಲ. ಹಂಡೆಯ ಸ್ಥಾನಕ್ಕೆ ವಿದ್ಯುತ್ ಗೀಸರು, ಅನಿಲದ ಗೀಸರು, ಕೆಲವು ಮನೆಗಳಲ್ಲಿ ಬಕೆಟ್ಟಿಗೆ ಇಳಿಬಿಡುವ ಕಾಯಿಲು ಬಂದವು. ಇವುಗಳಿಗೆ ನಾವು ತೆರುತ್ತಿರುವ ಬೆಲೆಯೆಷ್ಟು, ಅಪಾಯವೇನು, ವರ್ಷದ ಬಹುಭಾಗ ಬಿಸಿಲು ಸುರಿಯುವ ನಮ್ಮ ನಗರಗಳಲ್ಲಿ ಬೇರೆ ದಾರಿ ಯಾವುದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಬಿಸಿನೀರಿನ ಲೆಕ್ಕ

ಒಂದು ಲೀಟರು ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿಸಲು ಒಂದು ಕಿಲೋಕ್ಯಾಲೊರಿ ಶಾಖ ಬೇಕು. ಒಂದು ಯೂನಿಟ್ ವಿದ್ಯುತ್ತಿನಿಂದ ದೊರೆಯುವ ಶಾಖ 860 ಕಿಲೋಕ್ಯಾಲೊರಿ. ಕೊಳಾಯಿಯ ನೀರು 25 ಡಿಗ್ರಿಯಲ್ಲಿದೆ, ಸ್ನಾನಕ್ಕೆ 40 ಡಿಗ್ರಿಯ ಹದ ಬೇಕು ಎಂದಿಟ್ಟುಕೊಳ್ಳೋಣ. 20 ಲೀಟರಿನ ಒಂದು ಬಕೆಟ್ಟಿಗೆ 300 ಕಿಲೋಕ್ಯಾಲೊರಿ, ಅಂದರೆ ಯೂನಿಟ್ಟಿನ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಇಷ್ಟೇ ವಿದ್ಯುತ್ತಿನಿಂದ 9 ವಾಟಿನ ಎಲ್‌ಇಡಿ ದೀಪವೊಂದನ್ನು 38 ಗಂಟೆಗಳ ಕಾಲ ಉರಿಸಬಹುದು! ದೀಪ ಆರಿಸಲು ಮರೆತ ಮಕ್ಕಳನ್ನು ಗದರುವ ನಾವು ಬಚ್ಚಲಿನ ಲೆಕ್ಕವನ್ನು ನೋಡುವುದೇ ಇಲ್ಲ.

ಬಕೆಟ್ಟಿನ ಬದಲು ಷವರಿನ ಕೆಳಗೆ ಹತ್ತು ನಿಮಿಷ ನಿಂತರೆ, ನಿಮಿಷಕ್ಕೆ 9 ಲೀಟರಿನಂತೆ 90 ಲೀಟರು ನೀರು ಹರಿದುಹೋಗುತ್ತದೆ. ಒಂದೂವರೆ ಯೂನಿಟ್ಟಿಗೂ ಹೆಚ್ಚು ಖರ್ಚಾಗುತ್ತದೆ. ನಾಲ್ಕು ಜನರ ಸಂಸಾರದಲ್ಲಿ ಎಲ್ಲರೂ ಬಕೆಟ್ಟಿನಲ್ಲಿ ಮಿಂದರೆ ದಿನಕ್ಕೆ ಸುಮಾರು 1.4 ಯೂನಿಟ್, ಎಲ್ಲರೂ ಷವರಿನಲ್ಲಿ ಮಿಂದರೆ 6 ಯೂನಿಟ್ಟಿಗೂ ಮೇಲೆ. ಆದುದರಿಂದ ಯಾವ ಹೊಸ ಸಾಧನವನ್ನೂ ಕೊಳ್ಳದೆ ಮಾಡಬಹುದಾದ ಮೊದಲನೆಯ ಉಳಿತಾಯ ಬಕೆಟ್ಟು ಮತ್ತು ತಂಬಿಗೆಯದು.

ಇನ್ನೊಂದು ಮಾತನ್ನೂ ಗಮನಿಸಬೇಕು. ನಮ್ಮ ದೇಶದ ವಿದ್ಯುತ್ತಿನ ಬಹುಪಾಲು ಇಂದಿಗೂ ಕಲ್ಲಿದ್ದಲಿನಿಂದ ಬರುತ್ತದೆ. ಕಲ್ಲಿದ್ದಲಿನ ಶಾಖದಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ವಿದ್ಯುತ್ತಾಗಿ ಹೊರಬೀಳುತ್ತದೆ. ಹೀಗೆ ಎಲ್ಲಿಯೋ ಮೂರು ಪಾಲು ಶಾಖವನ್ನು ಸುಟ್ಟು, ಒಂದು ಪಾಲು ವಿದ್ಯುತ್ತನ್ನು ತಂದು, ಅದನ್ನು ಮತ್ತೆ ಶಾಖವಾಗಿ ಮಾರ್ಪಡಿಸಿ ನೀರು ಕಾಯಿಸುತ್ತೇವೆ. ಯಂತ್ರ ತಿರುಗಿಸಲು, ದೀಪ ಬೆಳಗಲು ವಿದ್ಯುತ್ತು ಬೇಕೇ ಬೇಕು. ನಲವತ್ತು ಡಿಗ್ರಿಯ ನೀರಿಗೆ ಅದು ಬೇಕಾಗಿಲ್ಲ. ಆ ಕೆಲಸವನ್ನು ಬಿಸಿಲೇ ಮಾಡಬಲ್ಲದು.

ಬಚ್ಚಲಿನಲ್ಲಿ ಅಡಗಿರುವ ಅಪಾಯ

ಹಣದ ಮಾತು ಹಾಗಿರಲಿ, ಪ್ರಾಣದ ಮಾತೂ ಇಲ್ಲಿದೆ. ನಾವು ಪುಣೆಯಲ್ಲಿ ವಾಸವಾಗಿರುವ ಕಟ್ಟಡದಲ್ಲಿ ಕೆಲವು ವರ್ಷಗಳ ಹಿಂದೆ, ಒಂದು ಡಿಸೆಂಬರ್ ಮುಂಜಾನೆ, ಮೇಲಿನ ಮನೆಯ ಸೊಸೆ ಸ್ನಾನಕ್ಕೆ ಹೋದವಳು ಎಷ್ಟು ಕೂಗಿದರೂ ಓಗೊಡಲಿಲ್ಲ. ಬಾಗಿಲು ಒಡೆದು ನೋಡಿದಾಗ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಗೋಡೆಯ ಮೇಲೆ ಅನಿಲದ ಗೀಸರು ಉರಿಯುತ್ತಲೇ ಇತ್ತು. ಚಳಿಗೆಂದು ಕಿಟಕಿಯನ್ನು ಭದ್ರವಾಗಿ ಮುಚ್ಚಲಾಗಿತ್ತು. ಸಕಾಲದಲ್ಲಿ ಹೊರಗೆ ತಂದುದರಿಂದ ಆಕೆ ಬದುಕಿಕೊಂಡಳು. ಎಲ್ಲರ ಅದೃಷ್ಟವೂ ಹಾಗಿರುವುದಿಲ್ಲ.

ಮುಚ್ಚಿದ ಕೋಣೆಯಲ್ಲಿ ಅನಿಲ ಉರಿದಾಗ ಗಾಳಿಯ ಆಮ್ಲಜನಕ ಕಡಿಮೆಯಾಗಿ, ಉರಿ ಅಪೂರ್ಣವಾಗಿ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಕಾಲುಗಳ ಸೋಲು ಇದರ ಲಕ್ಷಣಗಳು; ಅನೇಕರು ಇವನ್ನು ಪಿತ್ತವೆಂದೋ ಹಸಿವೆಂದೋ ಭಾವಿಸಿ ಸುಮ್ಮನಾಗುತ್ತಾರೆ. ಅನಿಲದ ಗೀಸರನ್ನು ಬಚ್ಚಲಿನೊಳಗೆ ಎಂದೂ ಇಡಬಾರದು. ಗಾಳಿಯಾಡುವ ಹೊರಭಾಗದಲ್ಲಿಟ್ಟು ನೀರನ್ನಷ್ಟೇ ಒಳಗೆ ತರಬೇಕು. ಯಾರಾದರೂ ಕುಸಿದು ಬಿದ್ದರೆ ಮೊದಲು ಬಾಗಿಲು ಕಿಟಕಿಗಳನ್ನು ತೆರೆದು, ಅನಿಲವನ್ನು ನಿಲ್ಲಿಸಿ, ಅವರನ್ನು ಹೊರಗಿನ ಗಾಳಿಗೆ ತಂದು, ಕೂಡಲೇ 108 ಅಥವಾ 112ಕ್ಕೆ ಕರೆಮಾಡಬೇಕು.

ಬಕೆಟ್ಟಿನ ಕಾಯಿಲಿನಿಂದ ವಿದ್ಯುದಾಘಾತದ ಭಯ. ಅದನ್ನು ಆರಿಸಿ, ಪ್ಲಗ್ಗನ್ನು ಕಿತ್ತ ಮೇಲಲ್ಲದೆ ನೀರಿಗೆ ಬೆರಳು ತಾಗಿಸಕೂಡದು. ಇನ್ನು ಸುಟ್ಟಗಾಯ. 60 ಡಿಗ್ರಿಯ ನೀರು ವಯಸ್ಕರ ಚರ್ಮವನ್ನು ಸುಮಾರು ಐದು ಸೆಕೆಂಡುಗಳಲ್ಲಿ ಆಳವಾಗಿ ಸುಡಬಲ್ಲದು. ಎಳೆಯ ಮಕ್ಕಳಿಗೆ ಅಷ್ಟು ಹೊತ್ತೂ ಬೇಡ. ಮಧುಮೇಹದಿಂದ ಕಾಲಿನ ಸ್ಪರ್ಶಜ್ಞಾನ ಕುಂದಿದವರಿಗೆ ಸುಡುತ್ತಿರುವುದೇ ತಿಳಿಯುವುದಿಲ್ಲ. ಬಕೆಟ್ಟಿಗೆ ಮೊದಲು ತಣ್ಣೀರು ಬಿಟ್ಟು ಆಮೇಲೆ ಬಿಸಿನೀರು ಬೆರೆಸುವುದು, ಮೊಣಕೈಯಿಂದ ಹದ ನೋಡುವುದು ನಮ್ಮ ಅಜ್ಜಿಯರು ಬಾಣಂತಿಕೋಣೆಯಲ್ಲಿ ಪಾಲಿಸುತ್ತಿದ್ದ ಕ್ರಮ; ಇಂದಿಗೂ ಅದೇ ಸರಿಯಾದ ಕ್ರಮ. ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಡಬೇಕು. ತುಪ್ಪ, ಶಾಯಿ, ದಂತಮಂಜನಗಳನ್ನು ಹಚ್ಚಬಾರದು.

ಬಿಸಿಲಿನಿಂದ ನೀರು ಕಾಯುವ ಬಗೆ

1767ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿ ದ ಸೊಸ್ಯೂರ್ ಗಾಜು ಮುಚ್ಚಿದ ಪೆಟ್ಟಿಗೆಯಲ್ಲಿ ಬಿಸಿಲಿನ ಶಾಖವನ್ನು ಸೆರೆಹಿಡಿದು ತೋರಿಸಿದನು. 1891ರಲ್ಲಿ ಅಮೆರಿಕದ ಕ್ಲಾರೆನ್ಸ್ ಕೆಂಪ್ ಎಂಬಾತ ಸೂರ್ಯನಿಂದ ನೀರು ಕಾಯಿಸುವ ಸಾಧನಕ್ಕೆ ಪೇಟೆಂಟ್ ಪಡೆದನು. ಆದರೆ ಸಂಜೆಯಾಗುತ್ತಲೇ ಆ ನೀರು ತಣ್ಣಗಾಗುತ್ತಿತ್ತು. 1909ರಲ್ಲಿ ಕ್ಯಾಲಿಫೋರ್ನಿಯದ ವಿಲಿಯಂ ಬೇಲಿ ಬಿಸಿಲು ಹೀರುವ ಫಲಕವನ್ನೂ ನೀರಿನ ತೊಟ್ಟಿಯನ್ನೂ ಬೇರ್ಪಡಿಸಿ, ತೊಟ್ಟಿಗೆ ಶಾಖ ಸೋರದಂತೆ ಹೊದಿಕೆ ಹೊದಿಸಿದನು. ಇಂದು ನಮ್ಮ ತಾರಸಿಗಳ ಮೇಲಿರುವ ಸೋಲಾರ್ ಹೀಟರುಗಳಲ್ಲಿ ಕಾಣುವುದು ಇದೇ ತತ್ತ್ವ.

ಕಪ್ಪು ಫಲಕ ಬಿಸಿಲನ್ನು ಹೀರಿ ಕೊಳವೆಯ ನೀರನ್ನು ಕಾಯಿಸುತ್ತದೆ. ಕಾದ ನೀರು ಹಗುರವಾಗಿ ಮೇಲಿನ ತೊಟ್ಟಿಗೆ ಏರುತ್ತದೆ. ತೊಟ್ಟಿಯ ತಳದ ತಣ್ಣೀರು ಫಲಕಕ್ಕೆ ಇಳಿಯುತ್ತದೆ. ಸಣ್ಣ ಸಾಧನಗಳಲ್ಲಿ ಇದಕ್ಕೆ ಪಂಪು ಬೇಡ, ವಿದ್ಯುತ್ತು ಬೇಡ. ದಖ್ಖನಿನ ನಗರಗಳಲ್ಲಿ ಒಂದು ಚದರ ಮೀಟರು ಜಾಗದ ಮೇಲೆ ದಿನವೊಂದಕ್ಕೆ ಸರಾಸರಿ 5 ಯೂನಿಟ್ಟಿನಷ್ಟು ಸೌರಶಕ್ತಿ ಬೀಳುತ್ತದೆ. 2 ಚದರ ಮೀಟರಿನ ಫಲಕದ ಮೇಲೆ ಬಿದ್ದ 10 ಯೂನಿಟ್ಟುಗಳಲ್ಲಿ ಅರ್ಧದಷ್ಟು ನೀರಿಗೆ ಸೇರಿದರೂ ಸಾಕು, 100 ಲೀಟರು ನೀರು 25ರಿಂದ 60 ಡಿಗ್ರಿಗೆ ಏರುತ್ತದೆ. ಅದಕ್ಕೆ ತಣ್ಣೀರು ಬೆರೆಸಿದರೆ 40 ಡಿಗ್ರಿಯ ಹನ್ನೊಂದು ಬಕೆಟ್ ಸ್ನಾನದ ನೀರು ಸಿದ್ಧ. ನಾಲ್ಕೈದು ಜನರ ಸಂಸಾರಕ್ಕೆ ಇದು ಧಾರಾಳ.

ಚಪ್ಪಟೆ ಫಲಕದ ಬದಲು ನಿರ್ವಾತ ಗಾಜಿನ ಕೊಳವೆಗಳುಳ್ಳ ಸಾಧನಗಳೂ ಇವೆ. ಇವುಗಳ ಬೆಲೆ ಕಡಿಮೆ, ಚಳಿಯಲ್ಲಿ ಶಾಖ ಸೋರುವುದೂ ಕಡಿಮೆ. ಆದರೆ ಗಾಜು ಒಡೆಯುವ ಭಯವುಂಟು. ಕೊಳವೆಬಾವಿಯ ಗಡಸುನೀರು ಚಪ್ಪಟೆ ಫಲಕದ ಸಣ್ಣ ತಾಮ್ರದ ಕೊಳವೆಗಳಲ್ಲಿ ಸುಣ್ಣ ಕಟ್ಟಿಸುತ್ತದೆ. ಅಂತಹ ನೀರುಳ್ಳವರು ನೀರನ್ನು ಮೊದಲೇ ಪರೀಕ್ಷೆ ಮಾಡಿಸಿ ಸಾಧನವನ್ನು ಆರಿಸಿಕೊಳ್ಳುವುದು ಲೇಸು.

ಊರಿಂದೂರಿಗೆ ವ್ಯತ್ಯಾಸ

ಪುಣೆ, ಹೈದರಾಬಾದುಗಳು ಈ ಸಾಧನಕ್ಕೆ ಹೇಳಿ ಮಾಡಿಸಿದ ಊರುಗಳು: ಚಳಿಗಾಲದಲ್ಲಿ ನೀರು ತಣ್ಣಗೆ, ಆಕಾಶ ನಿರ್ಮಲ. ಬೆಂಗಳೂರಿನ ತಾರಸಿಗಳ ಮೇಲೆ ಇವು ಮೊದಲಿನಿಂದಲೂ ಹೆಚ್ಚು. ಕರ್ನಾಟಕದಲ್ಲಿ 2007ರಲ್ಲಿ ಹೊಸ ಕಟ್ಟಡಗಳಿಗೆ ಇವನ್ನು ಕಡ್ಡಾಯಗೊಳಿಸುವ ಆದೇಶವೂ ಹೊರಟಿತು. ಮುಂಬಯಿಯಲ್ಲಿ ಬಿಸಿನೀರು ಹೆಚ್ಚು ಬೇಕೆನಿಸುವ ಮಳೆಗಾಲದಲ್ಲಿಯೇ ಸೂರ್ಯ ಮರೆಯಾಗುತ್ತಾನೆ. ಚೆನ್ನೈಯಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರಿನ ಮೋಡ. ಬೇಸಿಗೆಯಲ್ಲಾದರೋ ತಾರಸಿಯ ತೊಟ್ಟಿಯ ನೀರೇ ಬಿಸಿ. ದೆಹಲಿಯಲ್ಲಿ ಚಳಿ ಕಠಿಣ, ಮಂಜು ಹೊಗೆಗಳ ದಿನಗಳೂ ಉಂಟು. ಅಲ್ಲಿ ನಿರ್ವಾತ ಕೊಳವೆಯೇ ಮೇಲು.

ಬಿಸಿಲಿನ ಭರವಸೆ ಕಡಿಮೆಯಿರುವಲ್ಲಿ, ತಾರಸಿ ಸಾಲದಿರುವಲ್ಲಿ, ಹೀಟ್ ಪಂಪ್ ಎಂಬ ಸಾಧನವುಂಟು. ರೆಫ್ರಿಜರೇಟರು ಒಳಗಿನ ಶಾಖವನ್ನು ಹೊರಗೆ ದೂಡುವಂತೆ ಇದು ಹೊರಗಿನ ಗಾಳಿಯ ಶಾಖವನ್ನು ನೀರಿಗೆ ದೂಡುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ಟಿನಷ್ಟು ಶಾಖ ದೊರೆಯುತ್ತದೆ. ಮುಂಬಯಿ, ಚೆನ್ನೈಗಳ ಬೆಚ್ಚನೆಯ ಹವೆಗೆ ಇದು ಚೆನ್ನಾಗಿ ಒಗ್ಗುತ್ತದೆ.

ಬಹುಮಹಡಿ ಕಟ್ಟಡದವರಿಗೆ

ನಗರದಲ್ಲಿ ತಾರಸಿ ಒಬ್ಬನದಲ್ಲ. ಆದುದರಿಂದ ಈ ಬದಲಾವಣೆ ಒಂದು ಮನೆಯ ನಿರ್ಧಾರವಾಗದೆ ಇಡೀ ಸೊಸೈಟಿಯ ನಿರ್ಧಾರವಾಗಬೇಕು. ಮೇಲೆ ಹೇಳಿದ ಘಟನೆಯ ಅನಂತರ ನಮ್ಮ ಹದಿನಾರು ಮನೆಗಳ ಸೊಸೈಟಿ ಸಭೆ ಸೇರಿತು. ಎದ್ದ ಆಕ್ಷೇಪಣೆಗಳು ಮೂರು: ಜಾಗ ಸಾಲದು, ಕೆಳಮಹಡಿಗೆ ಬರುವಷ್ಟರಲ್ಲಿ ನೀರು ಆರುತ್ತದೆ, ಒಬ್ಬರು ಹೆಚ್ಚು ಬಳಸಿ ಇನ್ನೊಬ್ಬರಿಗೆ ಇಲ್ಲದಂತಾಗುತ್ತದೆ.

ಲೆಕ್ಕ ಹಾಕಿ ನೋಡಿದೆವು. ಮನೆಗೆ 100 ಲೀಟರಿನಂತೆ 1600 ಲೀಟರಿಗೆ 32 ಚದರ ಮೀಟರು ಫಲಕ ಬೇಕು; ಒಂದರ ನೆರಳು ಇನ್ನೊಂದರ ಮೇಲೆ ಬೀಳದಂತೆ, ಓಡಾಡಲು ದಾರಿಯೂ ಇರುವಂತೆ ಜೋಡಿಸಲು ಸುಮಾರು ಅದರ ಎರಡರಷ್ಟು ಸ್ಥಳ. ಫಲಕಗಳು ದಕ್ಷಿಣಾಭಿಮುಖವಾಗಿರಬೇಕು. ನೀರಿನ ಭಾರವೇ 1600 ಕಿಲೋ ಆಗುವುದರಿಂದ ಕಟ್ಟಡದ ಎಂಜಿನಿಯರರ ಒಪ್ಪಿಗೆ ಪಡೆದೆವು. ಕೊಳವೆಗಳಿಗೆಲ್ಲ ಶಾಖನಿರೋಧಕ ಹೊದಿಕೆ ಸುತ್ತಿಸಿ, ಬಿಸಿನೀರು ಮೇಲಿನಿಂದ ಕೆಳಗಿನವರೆಗೆ ಸುತ್ತಿ ಬರುವಂತೆ ಸಣ್ಣ ಪಂಪು ಇಡಿಸಿ, ಅದು ಮುಂಜಾನೆ ಮಾತ್ರ ನಡೆಯುವಂತೆ ಗಡಿಯಾರದ ಗುಂಡಿ ಹಾಕಿಸಿದೆವು. ಮೂರನೆಯ ಆಕ್ಷೇಪಣೆಗೆ ಯಂತ್ರದಲ್ಲಿ ಉತ್ತರವಿರಲಿಲ್ಲ. ಮನೆಗೊಂದೇ ಬಚ್ಚಲಿಗೆ ಸಂಪರ್ಕವೆಂದು ಎಲ್ಲರೂ ಒಪ್ಪಿದುದೇ ಉತ್ತರವಾಯಿತು. ಎತ್ತರದ ಗೋಪುರಗಳಲ್ಲಿ ತಾರಸಿ ಎಲ್ಲರಿಗೂ ಸಾಲದು. ಅಲ್ಲಿ ಮೇಲಿನ ಕೆಲವು ಮಹಡಿಗಳಿಗೆ ಸೌರಸಾಧನ, ಉಳಿದವರಿಗೆ ಹೀಟ್ ಪಂಪ್ ಎಂದು ಹಂಚಿಕೊಳ್ಳಬಹುದು.

ಕೊಳ್ಳುವ ಮುನ್ನ ಒಂದು ತಿಳಿವಳಿಕೆ. ಸೋಲಾರ್ ಹೀಟರಿಗೆ ಹಿಂದೆ ದೊರೆಯುತ್ತಿದ್ದ ಕೇಂದ್ರದ ಸಾಮಾನ್ಯ ಸಹಾಯಧನ 2014ರಲ್ಲಿ ನಿಂತಿತು. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆ ವಿದ್ಯುತ್ ಉತ್ಪಾದಿಸುವ ಫಲಕಗಳಿಗೆ ಸಂಬಂಧಿಸಿದುದು, ನೀರು ಕಾಯಿಸುವ ಸಾಧನಕ್ಕಲ್ಲ. ಎರಡನ್ನೂ ಒಂದೇ ಎಂದು ಹೇಳುವ ಮಾರಾಟಗಾರರ ಮಾತಿಗೆ ಮರುಳಾಗಬಾರದು.

ಬಳಕೆಯ ಕೆಲವು ನಿಯಮಗಳು

1. ಸ್ನಾನ, ಬಟ್ಟೆ, ಪಾತ್ರೆಗಳ ಬಿಸಿನೀರಿನ ಕೆಲಸಗಳನ್ನು ಬೆಳಗಿನಲ್ಲಿಯೇ ಮುಗಿಸಿ. ತೊಟ್ಟಿ ಬರಿದಾದಷ್ಟೂ ಹೊಸ ನೀರು ಬಂದು, ಹಗಲಿನ ಬಿಸಿಲು ಪೂರ್ಣ ಉಪಯೋಗವಾಗುತ್ತದೆ.

2. ತೊಟ್ಟಿಯಲ್ಲಿ ವಿದ್ಯುತ್ ಕಾಯಿಲಿದ್ದರೆ ಅದನ್ನು ಸದಾ ಹಾಕಿಡಬೇಡಿ. ಮೋಡವಿದ್ದ ದಿನ, ಮುಂಜಾನೆ, ಬೇಕಾದಷ್ಟು ಹೊತ್ತು ಮಾತ್ರ ಹಾಕಿ.

3. ಹಲವು ದಿನ ಮೋಡ ಮುಸುಕಿ ದೊಡ್ಡ ತೊಟ್ಟಿಯ ನೀರು ಉಗುರುಬೆಚ್ಚಗೆ ನಿಂತಿದ್ದರೆ ಲೀಜಿಯೊನೆಲ್ಲ ಎಂಬ ಬ್ಯಾಕ್ಟೀರಿಯ ಬೆಳೆಯಬಹುದು. ಅದು ಹಬೆಯ ತುಂತುರಿನ ಮೂಲಕ ಶ್ವಾಸಕೋಶ ಸೇರಿ ನ್ಯುಮೋನಿಯ ತರಬಲ್ಲದು. 20ರಿಂದ 45 ಡಿಗ್ರಿ ಅದಕ್ಕೆ ಹಿತ. 60 ಡಿಗ್ರಿಯಲ್ಲಿ ಅದು ಸಾಯುತ್ತದೆ. ಅಂತಹ ಸಂದರ್ಭದಲ್ಲಿ ಒಮ್ಮೆ 60 ಡಿಗ್ರಿಗೆ ಕಾಯಿಸಿದ ಬಳಿಕವೇ ಬಳಸಿ.

4. ಫಲಕದ ಧೂಳನ್ನು ಆಗಾಗ, ಬಿಸಿಲೇರುವ ಮುನ್ನ ತೊಳೆಯಿರಿ.

5. ಬಾಡಿಗೆಯ ಮನೆಯಲ್ಲಿರುವವರು ಗೀಸರನ್ನು ಸ್ನಾನಕ್ಕೆ ಸ್ವಲ್ಪ ಮುಂಚೆ ಹಾಕಿ, ಕೂಡಲೇ ಆರಿಸಿ; ಉಷ್ಣತೆಯನ್ನು 50–55 ಡಿಗ್ರಿಗೆ ಇಳಿಸಿ; ಹೊಸದನ್ನು ಕೊಳ್ಳುವಾಗ ಹೆಚ್ಚು ನಕ್ಷತ್ರಗಳ ಗುರುತು ನೋಡಿ. ಬಚ್ಚಲಿನೊಳಗೆ ಅನಿಲದ ಗೀಸರಿದ್ದರೆ ಮನೆಯ ಒಡೆಯರಿಗೆ ಹೇಳಿ ಇಂದೇ ತೆಗೆಸಿ.

ನಮ್ಮ ಕಟ್ಟಡದಲ್ಲಿ ಈಗ ಯಾವ ಬಚ್ಚಲಿನಲ್ಲಿಯೂ ಅನಿಲದ ಗೀಸರು ಇಲ್ಲ. ಅಂದು ಪ್ರಜ್ಞೆ ತಪ್ಪಿ ಬಿದ್ದಿದ್ದ ಆ ಮನೆಯ ಸೊಸೆಯೇ ಇಂದು ತಾರಸಿಯ ಸಾಧನದ ಮೇಲ್ವಿಚಾರಣೆ ನೋಡಿಕೊಳ್ಳುತ್ತಾಳೆ. ಮುಂದಿನ ದೀಪಾವಳಿಯ ಒಳಗಾಗಿ ಈ ಸಂಚಿಕೆಯ ವಾಚಕರು ತಮ್ಮ ಸೊಸೈಟಿಯ ಸಭೆಯಲ್ಲಿ ಈ ವಿಷಯವನ್ನು ಒಮ್ಮೆಯಾದರೂ ಪ್ರಸ್ತಾಪಿಸಲಿ. ತಮ್ಮ ಬಚ್ಚಲಿನ ಕಿಟಕಿಯನ್ನಂತೂ ಇಂದೇ ತೆರೆದು ನೋಡಲಿ. ಅಷ್ಟಾದರೆ ಈ ಬರಹದ ಶ್ರಮ ಸಾರ್ಥಕವಾದಂತೆ.