ಎದೆಯೊಳಗಿನ ಬಾಗಿಲು

ಕಲಿಕಾ ಕೇಂದ್ರದಲ್ಲಿ ಒಬ್ಬ ತಾಯಿ ಕೇಳಿದರು. "ನನ್ನ ಮಗಳು ಪಿ.ಯು.ಸಿ. ಸೈನ್ಸ್ ಓದ್ತಾಳೆ. ಮುಂದೆ ಬಯೋಮೆಡಿಕಲ್ ಇಂಜಿನಿಯರಿಂಗ್ ಅಂತಾಳೆ. ಅದು ಡಾಕ್ಟ್ರ ಕೆಲಸವಾ, ಇಂಜಿನಿಯರ್ ಕೆಲಸವಾ?"

ಒಳ್ಳೆಯ ಪ್ರಶ್ನೆ. ಒಂದು ನಡೆದ ಸಂಗತಿ ಹೇಳುತ್ತೇವೆ, ಓದಿ.

ಎದೆಯ ಮೇಲೆ ಕೈ ಇಡಿ. ಬಡಿತ ಗೊತ್ತಾಗುತ್ತದೆ. ಹೃದಯ ಅಂದರೆ ಒಂದು ಪಂಪು. ಊರಿನ ಬೋರಿಂಗ್ ಒಳಗೆ ವಾಲ್ವ್ ಇರುತ್ತದೆ. ಮೇಲೆ ಬಂದ ನೀರು ಹಿಂದಕ್ಕೆ ಇಳಿಯದ ಹಾಗೆ ಅದು ತಡೆಯುತ್ತದೆ. ಹೃದಯದಲ್ಲಿ ಇಂಥ ನಾಲ್ಕು ಬಾಗಿಲುಗಳಿವೆ. ಅವಕ್ಕೆ ಕವಾಟ ಅಂತ ಹೆಸರು. ದಿನಕ್ಕೆ ಸುಮಾರು 1 ಲಕ್ಷ ಸಲ ಅವು ತೆರೆದು ಮುಚ್ಚುತ್ತವೆ.

ಮಕ್ಕಳಿಗೆ ಗಂಟಲು ನೋವು, ಜ್ವರ ಬರುತ್ತದೆ. ಕೆಲವರಿಗೆ ಎರಡು ಮೂರು ವಾರದ ಮೇಲೆ ಕೀಲುಗಳು ಊದಿ ನೋಯುತ್ತವೆ. ಇದು ರುಮ್ಯಾಟಿಕ್ ಜ್ವರ. ಕೀಲು ವಾಸಿಯಾಗುತ್ತದೆ. ಆದರೆ ಕವಾಟಕ್ಕೆ ಗಾಯ ಉಳಿದುಬಿಡಬಹುದು. ಅದಕ್ಕೇ ಜ್ವರದ ಜೊತೆ ಗಂಟಲು ನೋವು ಬಂದರೆ ವೈದ್ಯರಿಗೆ ತೋರಿಸಿ. ಅವರು ಕೊಟ್ಟ ಮಾತ್ರೆಯನ್ನು ಅರ್ಧಕ್ಕೆ ಬಿಡಬೇಡಿ.

ಗಾಯವಾದ ಕವಾಟ ಬಿಗಿಯಾಗುತ್ತದೆ, ಇಲ್ಲವೇ ಸೋರುತ್ತದೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ನೀರಿನ ಕೊಡ ಹೊರಲು ಆಗುವುದಿಲ್ಲ. ಇಂಥ ಕಾಯಿಲೆ ಇದ್ದು, ಮನೆಯಲ್ಲಿ "ಸೋಮಾರಿ" ಅಂತ ಬೈಸಿಕೊಂಡ ಸೊಸೆಯಂದಿರೂ ಉಂಟು.

ಕವಾಟ ತೀರಾ ಕೆಟ್ಟರೆ ಬದಲಿಸಬೇಕು. ಆ ಕಾಲದಲ್ಲಿ ಕೃತಕ ಕವಾಟ ಹೊರದೇಶದಿಂದ ಬರುತ್ತಿತ್ತು. ಬೆಲೆ ಬಡವರ ಕೈಗೆ ಎಟುಕುತ್ತಿರಲಿಲ್ಲ.

ತಿರುವನಂತಪುರದಲ್ಲಿ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ಇದೆ. ಅಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಎಂಬ ಹೃದಯ ಶಸ್ತ್ರವೈದ್ಯರಿದ್ದರು. ನಮ್ಮಲ್ಲೇ ಕವಾಟ ಮಾಡೋಣ ಅಂತ ಅವರು ಹೊರಟರು. ಡಾಕ್ಟರಿಗೆ ಹೃದಯ ಗೊತ್ತು, ಲೋಹ ಗೊತ್ತಿಲ್ಲ. ಅದಕ್ಕೆ ಇಂಜಿನಿಯರುಗಳು ಜೊತೆಗೂಡಿದರು. ಅವರ ಪ್ರಯೋಗಶಾಲೆ ಒಂದು ಹಳೆಯ ಅರಮನೆಯಲ್ಲಿತ್ತು.

ಮೊದಲ ಮೂರು ಮಾದರಿಗಳು ಸೋತವು. ಒಂದರಲ್ಲಿ ಬೆಸುಗೆಯೇ ನಿಲ್ಲಲಿಲ್ಲ. ಇನ್ನೊಂದರಲ್ಲಿ ನೀಲಮಣಿಯ ಬಿಲ್ಲೆ ಹಾಕಿದರು. ಕುರಿಯ ಹೃದಯದಲ್ಲಿಟ್ಟು ನೋಡಿದಾಗ ಬಿಲ್ಲೆ ಒಡೆಯಿತು. ಮನುಷ್ಯರಿಗೆ ಹಾಕಿದ ಮೇಲೆ ಒಡೆದಿದ್ದರೆ? ಪರೀಕ್ಷೆ ಮಾಡುವುದು ಇದಕ್ಕೇ.

ನಾಲ್ಕನೆಯದಕ್ಕೆ ಗಟ್ಟಿ ಲೋಹದ ಚೌಕಟ್ಟು, ಬಲವಾದ ಪ್ಲಾಸ್ಟಿಕ್ಕಿನ ಬಿಲ್ಲೆ. ಸುತ್ತ ಪಾಲಿಯೆಸ್ಟರ್ ಬಟ್ಟೆಯ ಉಂಗುರ. ಹೌದು, ನಮ್ಮ ಸೀರೆಯಲ್ಲಿ ಇರುತ್ತದಲ್ಲ, ಅದೇ ಪಾಲಿಯೆಸ್ಟರ್! ಆ ಬಟ್ಟೆಯನ್ನು ಹಿಡಿದು ಕವಾಟವನ್ನು ಹೃದಯಕ್ಕೆ ಹೊಲಿಯುತ್ತಾರೆ. 1990ರ ಡಿಸೆಂಬರ್ 6ರಂದು ಮೊದಲ ಸಲ ಒಬ್ಬ ರೋಗಿಗೆ ಅದನ್ನು ಹಾಕಿದರು. ಆಮೇಲೆ 1 ಲಕ್ಷಕ್ಕೂ ಹೆಚ್ಚು ಕವಾಟಗಳು ಬಳಕೆಯಾಗಿವೆ. ಡಾ. ವಲಿಯತ್ತಾನ್ ಮುಂದೆ ನಮ್ಮ ಮಣಿಪಾಲಕ್ಕೆ ಬಂದು ಕುಲಪತಿಗಳಾದರು. 2024ರಲ್ಲಿ ತೀರಿಕೊಂಡರು.

ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದ ಮಾತ್ರೆಯನ್ನು ದಿನಾ ನುಂಗಬೇಕು. ಆಗಾಗ ರಕ್ತ ಪರೀಕ್ಷೆ ಆಗಬೇಕು. ಬಸಿರಾಗುವ ಯೋಚನೆ ಇದ್ದರೆ ಮೊದಲೇ ವೈದ್ಯರಿಗೆ ಹೇಳಬೇಕು.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಬಯೋಮೆಡಿಕಲ್ ಇಂಜಿನಿಯರ್ ಡಾಕ್ಟರಲ್ಲ. ಮದ್ದು ಬರೆದು ಕೊಡುವಂತಿಲ್ಲ. ಆದರೆ ಡಾಕ್ಟರ ಕೈಯಲ್ಲಿರುವ ಯಂತ್ರ ಇವರದು. ಹಸುಗೂಸನ್ನು ಬೆಚ್ಚಗಿಡುವ ಪೆಟ್ಟಿಗೆ, ಇ.ಸಿ.ಜಿ., ಸ್ಕ್ಯಾನಿಂಗ್, ಡಯಾಲಿಸಿಸ್ ಯಂತ್ರ, ಕೃತಕ ಕಾಲು – ಇವನ್ನು ರೂಪಿಸುವವರು, ಪರೀಕ್ಷಿಸುವವರು, ರಿಪೇರಿ ಮಾಡುವವರು. ಆಸ್ಪತ್ರೆಯಲ್ಲೂ ಕೆಲಸ ಉಂಟು, ಯಂತ್ರ ಮಾಡುವ ಕಂಪನಿಯಲ್ಲೂ ಉಂಟು.

ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ಗಣಿತ ಇರಬೇಕು. ಗಣಿತ ಬಿಟ್ಟರೆ ಈ ದಾರಿ ಕಷ್ಟ, ಮೊದಲೇ ತಿಳಿದಿರಿ. ಬಿ.ಇ. ಓದು ನಾಲ್ಕು ವರ್ಷ. ಎಸ್.ಎಸ್.ಎಲ್.ಸಿ. ಆದ ಮೇಲೆ ಮೂರು ವರ್ಷದ ಡಿಪ್ಲೊಮಾ ಮಾಡಿಯೂ ಇಂಜಿನಿಯರಿಂಗಿಗೆ ಸೇರಬಹುದು. ಎಲ್ಲ ಕಾಲೇಜಿನಲ್ಲೂ ಈ ವಿಷಯ ಇಲ್ಲ. ಶುಲ್ಕವೂ ಒಂದೇ ಅಲ್ಲ. ಸೇರುವ ಮೊದಲು ಶುಲ್ಕ, ಹಾಸ್ಟೆಲ್, ವಿದ್ಯಾರ್ಥಿವೇತನ ಎಲ್ಲ ಕೇಳಿ, ಬರೆದುಕೊಳ್ಳಿ. ಬರೆಯಲು ಈಗ ನಿಮಗೇ ಬರುತ್ತದಲ್ಲ!

ತಾಯಿ ಇನ್ನೊಂದು ಕೇಳಿದರು. "ರಾತ್ರಿ ಪಾಳಿ ಇರ್ತದಾ?"

ಕೆಲವು ಆಸ್ಪತ್ರೆಗಳಲ್ಲಿ ಇರುತ್ತದೆ. ವೆಂಟಿಲೇಟರ್ ಕೆಟ್ಟರೆ ಬೆಳಗಾಗುವ ತನಕ ಕಾಯಲು ಆಗುವುದಿಲ್ಲ.